ಗುಜರಿಯಿಂದ ಬಂದ ಅಲೆಹಲಗೆ

ನಾನೊಂದು ಸರ್ಫ್‌ಬೋರ್ಡ್. ಅಲೆಯ ಬೆನ್ನೇರಿ ದಡಕ್ಕೆ ಜಾರುವ ಹಲಗೆ. ಹುಟ್ಟಿದಾಗ ನನಗಿದ್ದ ಹೆಸರು ಅದೊಂದೇ. ಆಮೇಲೆ ಜನ ನನ್ನನ್ನು ಮೀನು ಒಣಗಿಸುವ ಹಲಗೆ ಎಂದರು, ಬೆಂಚು ಎಂದರು, ಹೋಟೆಲಿನ ಬೋರ್ಡು ಎಂದರು, ಕೊನೆಗೆ ಗುಜರಿ ಎಂದರು. ಕರೆದವರ ಮೇಲೆ ನಾನು ಮುನಿಸಿಕೊಂಡಿಲ್ಲ. ಕೆಲಸಕ್ಕೆ ಬರುತ್ತಿದ್ದೆನಲ್ಲ, ಅಷ್ಟೇ ಸಾಕಿತ್ತು.

ನಾನು ಹುಟ್ಟಿದ್ದು ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಒಂದು ತಗಡಿನ ಶೆಡ್ಡಿನಲ್ಲಿ. ಮೊದಲು ನಾನು ಬೆಣ್ಣೆ ಬಣ್ಣದ, ಹಗುರವಾದ ಫೋಮಿನ ದಿಮ್ಮಿಯಾಗಿದ್ದೆ. ನಡುವೆ ಬೆನ್ನೆಲುಬಿನಂತೆ ತೆಳ್ಳಗಿನ ಮರದ ಪಟ್ಟಿ. ಗಡ್ಡದ ಮನುಷ್ಯನೊಬ್ಬ ಕೀಸುಳಿ ಹಿಡಿದು ನನ್ನ ಮೂತಿಯನ್ನು ತೀಡಿದ, ಅಂಚುಗಳನ್ನು ಉರುಟು ಮಾಡಿದ. ಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸಿ, ಜೇನಿನಂತಹ ರೆಸಿನ್ ಸುರಿದ. ಅದು ಗಟ್ಟಿಯಾದಾಗ ನನಗೊಂದು ಚರ್ಮ ಬಂತು. ಹಳದಿ ಮೈ, ಪಕ್ಕದಲ್ಲೊಂದು ಕೆಂಪು ಗೆರೆ, ಬಾಲದ ಅಡಿಯಲ್ಲಿ ಒಂದು ಈಜುರೆಕ್ಕೆ. ಇಷ್ಟು ಚೆಂದ ನಾನು ಮತ್ತೆ ಬಹಳ ಕಾಲ ಇರಲಿಲ್ಲ.

ನನ್ನನ್ನು ಕೊಂಡವನು ರಸೆಲ್ ಎಂಬ ತರುಣ. ಅವನಿಗೆ ಊರೂರು ಅಲೆಯುವ ಹುಚ್ಚು. ಎಪ್ಪತ್ತರ ದಶಕದಲ್ಲಿ ನನ್ನನ್ನು ಕಟ್ಟಿಕೊಂಡು ಹಡಗಿನಲ್ಲಿ ಬೊಂಬಾಯಿಗೆ ಬಂದ. ಅಲ್ಲಿಂದ ಬಸ್ಸಿನ ಟಾಪಿನ ಮೇಲೆ, ಕೋಳಿಬುಟ್ಟಿಗಳ ನಡುವೆ ಮಲಗಿಕೊಂಡು ನಾನು ದಕ್ಷಿಣಕ್ಕೆ ಬಂದೆ. ಮೂಲ್ಕಿಯ ಆಚೆ, ಶಾಂಭವಿ ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ, ಕಡಲಹಿತ್ಲು ಎಂಬ ಮೀನುಗಾರರ ಊರಿದೆ. ಅಲ್ಲಿಯ ಅಲೆಗಳನ್ನು ಕಂಡು ರಸೆಲ್ ಬಸ್ಸಿನಿಂದ ಇಳಿದೇಬಿಟ್ಟ. ಬಲೆ ಹೆಣೆಯುತ್ತಿದ್ದವರು ಕೆಲಸ ಬಿಟ್ಟು ಅವನನ್ನು ನೋಡುತ್ತಿದ್ದರು. "ಮೀನು ಹಿಡೀಲಿಕ್ಕೂ ಅಲ್ಲ, ಎಂತಕ್ಕೂ ಅಲ್ಲ. ಸುಮ್ಮನೆ ಹೋಗುದು, ಸುಮ್ಮನೆ ಬರುದು!" ಎಂದು ನಗುತ್ತಿದ್ದರು.

ಮಳೆಗಾಲ ಮುಗಿಯುವಾಗ ರಸೆಲ್‌ನಿಗೆ ಕಾಮಾಲೆ ಹಿಡಿಯಿತು. ಕಣ್ಣು, ಉಗುರು ಎಲ್ಲ ನನ್ನ ಬಣ್ಣಕ್ಕೆ ತಿರುಗಿದವು. ಅವನಿಗೆ ಜಗಲಿ ಬಾಡಿಗೆಗೆ ಕೊಟ್ಟಿದ್ದ ಸಂಕಮ್ಮ ಎಂಬ ಹೆಂಗಸು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದಳು, ಗಂಜಿ ಕೊಟ್ಟಳು, ಎಣ್ಣೆ ಪದಾರ್ಥ ಕೇಳಿದರೆ ಬೈದಳು. ಅವನು ಎದ್ದು ನಿಂತ. ಊರಿಗೆ ಹೊರಡುವ ದಿನ ನನ್ನನ್ನು ಅವಳ ಮುಂದೆ ಇಟ್ಟು ಕೈ ಮುಗಿದ.

"ಇದನ್ನು ಇಟ್ಕೊಂಡು ನಾನು ಎಂತ ಮಾಡ್ಲಿ ಮಗಾ?" ಎಂದಳು ಸಂಕಮ್ಮ. ಅವನಿಗೆ ಅರ್ಥವಾಗಲಿಲ್ಲ. ನಕ್ಕು ಬಸ್ಸು ಹತ್ತಿದ.

ಸಂಕಮ್ಮ ಮಾಡಬೇಕಾದ್ದನ್ನೇ ಮಾಡಿದಳು. ನನ್ನ ಮೇಲೆ ಉಪ್ಪು ಹಾಕಿದ ಮೀನು ಒಣಗಿಸಿದಳು. ಮೀನಿಲ್ಲದ ದಿನ ಹಪ್ಪಳ ಹರವಿದಳು. ಮದುವೆ ಮನೆಯವರು ಬೆಂಚು ಸಾಲದೆಂದು ಕೊಂಡುಹೋದರು. ನೆಂಟರು ಕೂತು ತಾಂಬೂಲ ಹಾಕಿದರು. ವರ್ಷಗಳು ಹೀಗೇ ಹೋದವು. ಸಂಕಮ್ಮ ತೀರಿಕೊಂಡ ಮೇಲೆ ಮನೆಯವರು ನನ್ನನ್ನು ಹೆದ್ದಾರಿ ಬದಿಯ ಒಂದು ಹೋಟೆಲಿಗೆ ಕೊಟ್ಟರು. ಹೋಟೆಲಿನವನು ನನ್ನನ್ನು ತೆಂಗಿನ ಮರಕ್ಕೆ ಒರಗಿಸಿ ನೋಡಿದ. ರೆಕ್ಕೆ ಅಡ್ಡ ಬಂತು. ಕತ್ತಿಯಿಂದ ಅದನ್ನು ಕಡಿದುಹಾಕಿ, ಮೈಗೆ ನೀಲಿ ಬಣ್ಣ ಬಳಿದು, ಬಿಳಿ ಅಕ್ಷರಗಳಲ್ಲಿ ಬರೆಸಿದ: 'ಮೀನು ಊಟ ರೆಡಿ ಇದೆ.' ಆಮೇಲೆ ನನ್ನ ಎದೆಗೇ ಮೊಳೆ ಹೊಡೆದು ಮರಕ್ಕೆ ಜಡಿದ.

ಮೊಳೆಯ ತೂತುಗಳಿಂದ ಮಳೆನೀರು ಒಳಗಿಳಿಯಿತು. ಫೋಮು ಕೊಳೆಯತೊಡಗಿತು. ಒಂದು ಗಾಳಿಮಳೆಗೆ ಮೊಳೆ ಕಿತ್ತು ಕೆಳಗೆ ಬಿದ್ದು ಮೂತಿ ಒಡೆಯಿತು. ರಸ್ತೆ ಅಗಲ ಮಾಡುವಾಗ ಹೋಟೆಲನ್ನೂ ಕೆಡವಿದರು. ನಾನು ಹಮೀದಾಕನ ಗುಜರಿ ಅಂಗಡಿ ಸೇರಿದೆ.

ಗುಲಾಬಿಯಕ್ಕ ನನ್ನನ್ನು ಕಂಡದ್ದು ಅಲ್ಲಿ.

ಗುಲಾಬಿಯಕ್ಕ ಮೂಲ್ಕಿ ಮಾರ್ಕೆಟಿನಲ್ಲಿ ಮೀನು ಮಾರುವವರು. ಆ ದಿನ ಅವರ ಕೈಯಲ್ಲಿ ಒಂದು ಗೋಣಿಚೀಲವಿತ್ತು. ಅದರೊಳಗೆ ಅವರ ಗಂಡ ಭುಜಂಗ ಕರ್ಕೇರರ ಸಾಮಾನು: ರೋಲರು, ಕುಂಚಗಳು, ಕೆರೆಯುವ ತಟ್ಟೆಕತ್ತಿ, ಗ್ರೈಂಡರು. ಭುಜಂಗಣ್ಣ ಆಯುಷ್ಯವಿಡೀ ಫೈಬರ್ ದೋಣಿ ರಿಪೇರಿ ಮಾಡಿದವರು. ಅಳಿವೆಯ ಎರಡೂ ದಡದಲ್ಲಿ ಅವರ ಕೈ ತಾಗದ ದೋಣಿ ಇರಲಿಲ್ಲ. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅವರು ಅಂಗಳದ ಕುರ್ಚಿಯನ್ನು ಕಡಲಿನ ಕಡೆಯಿಂದ ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದರು. ಕೈಗೆ ವ್ಯಾಯಾಮ ಹೇಳಿಕೊಡಲು ಬಂದ ನರ್ಸಮ್ಮ ಕೊಟ್ಟ ರಬ್ಬರ್ ಚೆಂಡನ್ನು ಬಾವಿಗೆ ಎಸೆದಿದ್ದರು. ಆ ಬೆಳಿಗ್ಗೆ ಹೆಂಡತಿಗೆ ಹೇಳಿದ್ದರು: "ಆ ಸಾಮಾನೆಲ್ಲ ಗುಜರಿಗೆ ಹಾಕಿ ಬಾ. ನನ್ನ ಕಣ್ಣೆದುರು ಇರುದು ಬೇಡ."

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ಕಂಡದ್ದು ತಕ್ಕಡಿಯ ಮುಂದೆ ಚೀಲ ಹಿಡಿದು ನಿಂತ, ಅದನ್ನು ಕೆಳಗಿಡಲು ಮನಸ್ಸಾಗದ ಒಬ್ಬ ಹೆಂಗಸನ್ನು. ಅವರ ಕಣ್ಣು ನನ್ನ ಮೇಲೆ ಬಿತ್ತು.

"ಹಮೀದಾಕ, ಇದು ಎಂತದ್ದು?"

"ಹೋಟೆಲಿನ ಬೋರ್ಡು ಗುಲಾಬಿಯಕ್ಕ. ಫೈಬರ್. ಯಾರಿಗೂ ಬೇಡ. ನನಗೆ ಜಾಗಕ್ಕೆ ಉಪದ್ರ."

"ಫೈಬರಾ?" ಅವರು ಬಗ್ಗಿ ಬೆರಳ ಗೆಣ್ಣಿನಿಂದ ನನ್ನನ್ನು ತಟ್ಟಿದರು. ಒಂದು ಕಡೆ ಟಕ್ ಎಂದೆ. ಕೊಳೆತ ಕಡೆ ಬರೀ ಮಂದ ಸದ್ದು ಬಂತು. ಅವರು ಕೈಯಲ್ಲಿದ್ದ ಚೀಲವನ್ನೊಮ್ಮೆ ನೋಡಿದರು.

"ಚೀಲದಲ್ಲಿ ಎಂತ ಉಂಟು? ತೂಕ ಮಾಡುವನಾ?" ಎಂದು ಹಮೀದಾಕ ಕೈ ಚಾಚಿದ.

"ಇಲ್ಲ. ಅದು ಕೊಡ್ಲಿಕ್ಕಿಲ್ಲ," ಎಂದು ಗುಲಾಬಿಯಕ್ಕ ಚೀಲವನ್ನು ಹಿಂದಕ್ಕೆ ಸರಿಸಿದರು. "ಇದನ್ನು ರಿಕ್ಷಾದ ಮೇಲೆ ಕಟ್ಟಿಸಿ ಕೊಡಿ."

ಮನೆ ತಲುಪಿದಾಗ ಭುಜಂಗಣ್ಣ ಗೋಡೆ ನೋಡುತ್ತಾ ಕೂತಿದ್ದರು. ನನ್ನನ್ನು ಇಳಿಸುವ ಸದ್ದಿಗೆ ತಲೆ ತಿರುಗಿಸಿದರು.

"ಎಂತ ಅದು?"

"ಇಸ್ತ್ರಿ ಹಾಕ್ಲಿಕ್ಕೆ ಒಂದು ಹಲಗೆ."

"ನಮ್ಮ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯೇ ಇಲ್ಲವಲ್ಲ ಮಾರಾಯ್ತಿ!"

ಭುಜಂಗಣ್ಣ ನನ್ನ ಮೈಮೇಲಿನ ಬರಹವನ್ನು ಓದಿದರು. "ಊಟ ರೆಡಿ ಇದೆ ಅಂತ ಉಂಟು. ಎಲ್ಲಿ ಊಟ?"

"ಒಳಗೆ ಉಂಟು. ಎದ್ದು ಬಂದ್ರೆ ಸಿಗ್ತದೆ."

ಗೋಣಿಚೀಲ ಮೂಲೆಯಲ್ಲಿ ಝಣ್ ಎಂದಿತು. ಭುಜಂಗಣ್ಣನ ಮುಖ ಗಟ್ಟಿಯಾಯಿತು. "ಹಮೀದ್ ತಗೊಳ್ಳಲಿಲ್ವಾ?"

"ಇವತ್ತು ತಕ್ಕಡಿ ಸರಿ ಇಲ್ಲವಂತೆ," ಎಂದು ಗುಲಾಬಿಯಕ್ಕ ಒಳಗೆ ನಡೆದರು.

ಮರುದಿನ ಮಾರ್ಕೆಟಿನಿಂದ ಬಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೀನಿನ ಹುರುಪೆ ಕೆರೆಯುವ ಚೂರಿಯಿಂದ ನನ್ನ ನೀಲಿ ಬಣ್ಣ ಕೆರೆಯತೊಡಗಿದರು. ನನಗೆ ಉರಿಯಿತು. ಕುರ್ಚಿಯಿಂದ ಸ್ವರ ಬಂತು.

"ಅಷ್ಟು ಒತ್ತಬೇಡ. ಅದು ಅಂಜಲ್ ಮೀನು ಅಲ್ಲ."

ಗುಲಾಬಿಯಕ್ಕ ಕೇಳಿಸದವರಂತೆ ಇನ್ನಷ್ಟು ಒತ್ತಿದರು. ಬೇಕೆಂದೇ ಒತ್ತಿದ್ದು, ನನಗೆ ಗೊತ್ತು. ಭುಜಂಗಣ್ಣ ತಡೆಯಲಾರದೆ ಕುರ್ಚಿಯನ್ನು ಕಾಲಿನಿಂದ ತಳ್ಳುತ್ತಾ ಈ ಕಡೆ ತಿರುಗಿದರು. "ಚೂರಿ ಅಡ್ಡ ಹಿಡಿ. ಅಡ್ಡ. ಹಾಂ, ಹಾಗೆ."

'ಮೀನು' ಹೋಯಿತು, 'ಊಟ' ಹೋಯಿತು, 'ರೆಡಿ' ಹೋಯಿತು. ಅಡಿಯಿಂದ ನನ್ನ ಹಳದಿ ಮೈ ಹೊರಬಂತು, ಕೆಂಪು ಗೆರೆಯೂ ಬಂತು. ಭುಜಂಗಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಇದು ಅಲೆಯಲ್ಲಿ ಹಾರುವವರ ಹಲಗೆ! ಹಳೇ ಕಾಲದ್ದು. ಈಗಿನದ್ದು ಇಷ್ಟು ಭಾರ ಇರುದಿಲ್ಲ. ಯಾರೋ ಕೈ ತಿಳಿದವನು ಮಾಡಿದ್ದು." ಎಡಗೈಯಿಂದ ನನ್ನ ಅಂಚನ್ನು ತಡವಿದರು. ಬಹಳ ಕಾಲದ ಮೇಲೆ ಒಬ್ಬರು ನನ್ನನ್ನು ಮುಟ್ಟಿ ನಾನೇನೆಂದು ತಿಳಿದುಕೊಂಡರು.

"ನೀರು ಕುಡ್ದಿದೆ," ಎಂದರು. "ಒಣಗದೆ ರೆಸಿನ್ ಹಾಕಿದ್ರೆ ಒಳಗೇ ಕೊಳೀತದೆ. ಮೂತಿ ಕೆಳಗೆ ಮಾಡಿ ನೇತುಹಾಕು. ಬಿಸಿಲಿಗಲ್ಲ, ನೆರಳಿಗೆ."

ಮಾಡಿನ ಅಡಿಯಲ್ಲಿ ಹುರಿಹಗ್ಗದಿಂದ ನನ್ನನ್ನು ತಲೆಕೆಳಗಾಗಿ ಕಟ್ಟಿದರು. ಒಡೆದ ಮೂತಿಯಿಂದ ಕಂದು ನೀರು ತೊಟ್ಟಿಕ್ಕಿತು. ಗುಲಾಬಿಯಕ್ಕ ಅದಕ್ಕೊಂದು ಹಳೆಯ ಪಾತ್ರೆ ಇಟ್ಟರು. ದಿನಾ ಬೆಳಿಗ್ಗೆ ಅವರು ಮಾರ್ಕೆಟಿಗೆ ಹೋದ ಮೇಲೆ ಭುಜಂಗಣ್ಣ ಗೋಡೆ ಹಿಡಿದು ನಿಧಾನವಾಗಿ ಬಂದು ಪಾತ್ರೆಗೆ ಇಣುಕುತ್ತಿದ್ದರು. ಹೆಂಡತಿ ಬರುವಷ್ಟರಲ್ಲಿ ಮತ್ತೆ ಕುರ್ಚಿಯಲ್ಲಿ, ಏನೂ ಆಗದವರಂತೆ. ಪಾತ್ರೆ ಒಣಗಿದ ದಿನ ಮಾತ್ರ ಬಾಯಿ ತಡೆಯಲಿಲ್ಲ: "ಆಯ್ತು. ಇನ್ನು ಕೊಳೆತದ್ದನ್ನು ತೆಗೀಬಹುದು."

ಗುಲಾಬಿಯಕ್ಕ ಕೊಳೆತ ಫೋಮು ಕೊರೆದು ತೆಗೆದರು, ಹೊಸ ತುಂಡು ಅಂಟಿಸಿ ಉಜ್ಜಿದರು. ಮೂತಿ ಮತ್ತೆ ಮೂತಿಯಾಯಿತು. ಇನ್ನು ಬಟ್ಟೆ ಹಾಸಿ ರೆಸಿನ್ ಹಾಕಬೇಕು. ರೆಸಿನ್‌ಗೆ ಹಾರ್ಡನರ್ ಬೆರೆಸುವುದು ಅಳತೆಯ ಕೆಲಸ. ಕಡಿಮೆಯಾದರೆ ಗಟ್ಟಿಯಾಗದು, ಹೆಚ್ಚಾದರೆ ಕಾದು ಹೊಗೆಯಾಡುತ್ತದೆ.

"ಇದು ನಾನೇ ಮಾಡ್ತೇನೆ," ಎಂದರು ಭುಜಂಗಣ್ಣ. ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು, ಹಾರ್ಡನರ್ ಶೀಶೆಯನ್ನು ಬಲಗೈಗೆ ಕೊಟ್ಟರು. ಎಡಗೈಗೆ ಕೊಟ್ಟಿದ್ದರೆ ಆಗುತ್ತಿತ್ತು. ಆದರೆ ಜೀವಮಾನವಿಡೀ ಆ ಕೆಲಸ ಮಾಡಿದ್ದು ಬಲಗೈ. ಬೆರಳುಗಳು ಶೀಶೆಯನ್ನು ಹಿಡಿದವು, ಹಿಡಿದಂತೆ ಕಂಡವು. ಮರುಗಳಿಗೆ ಶೀಶೆ ಜಾರಿ ಡಬ್ಬದೊಳಗೇ ಬೋರಲಾಯಿತು.

ಡಬ್ಬ ಬಿಸಿಯಾಯಿತು. ಹೊಗೆ ಎದ್ದಿತು. ಭುಜಂಗಣ್ಣ ಎಡಗೈಯಿಂದ ಅದನ್ನು ಎತ್ತಿ ಬೀಸಿ ಎಸೆದರು. ಅದು ಬಂದು ಬಿದ್ದದ್ದು ನನ್ನ ಮೇಲೆ. ಕಾದ ರೆಸಿನ್ ಬೆನ್ನ ಮೇಲೆ ಹರಿದು ಚುರ್ರೆಂದು ಸುಟ್ಟಿತು.

"ಸಾಕಾಯ್ತಾ ನಿನಗೆ?" ಎಂದು ಕೂಗಿದರು. "ನನ್ನ ಕೈ ಸತ್ತಿದೆ. ಗೊತ್ತಿದ್ದೂ ನನ್ನನ್ನು ಮಗುವಿನ ಹಾಗೆ ಆಟ ಆಡಿಸ್ತಿದ್ದೀಯಲ್ಲ! ಇಸ್ತ್ರಿ ಹಲಗೆಯಂತೆ, ತಕ್ಕಡಿ ಹಾಳಂತೆ! ನನಗೆ ಅಷ್ಟೂ ಗೊತ್ತಾಗುದಿಲ್ವಾ?"

ಗುಲಾಬಿಯಕ್ಕ ಕೈಯಲ್ಲಿದ್ದ ಕುಂಚವನ್ನು ಮೆಲ್ಲಗೆ ಕೆಳಗಿಟ್ಟರು. ಅವರ ಸ್ವರ ಏರಲಿಲ್ಲ.

"ನಿಮ್ಮದು ಒಂದು ಕೈ ಹೋದದ್ದು. ನನ್ನದು ಗಂಡ ಇಡೀ ಹೋದದ್ದು. ಎಲ್ಲಿದ್ದಾರೆ ಅಂತ ಹುಡುಕ್ತಾ ಇದ್ದೇನೆ. ನಾನು ಎಷ್ಟು ದಿನ ಅಂತ ಆ ಕುರ್ಚಿಗೆ ಅನ್ನ ಬಡಿಸುದು?"

ಇಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡು, ಬುಟ್ಟಿ ಎತ್ತಿಕೊಂಡು ಮಾರ್ಕೆಟಿಗೆ ಹೋಗಿಬಿಟ್ಟರು.

ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಕಾಗೆಯೊಂದು ಬಂದು ನನ್ನ ಬಾಲದ ಮೇಲೆ ಕೂತು ಹಾರಿಹೋಯಿತು. ಆಮೇಲೆ ಭುಜಂಗಣ್ಣ ಎದ್ದರು. ಕಂಬ ಹಿಡಿದು, ಗೋಡೆ ಹಿಡಿದು ಮೂಲೆಗೆ ಹೋಗಿ, ಗೋಣಿಚೀಲವನ್ನು ಎಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ನೆಲಕ್ಕೆ ಕುಸಿದು ಕೂತರು. ತಟ್ಟೆಕತ್ತಿಯಿಂದ ನನ್ನ ಬೆನ್ನಿನ ಮೇಲೆ ಗಡ್ಡೆಗಟ್ಟಿದ ರೆಸಿನ್ ಕೆತ್ತತೊಡಗಿದರು. ಎಡಗೈಯ ಪೆಟ್ಟಿಗೆ ನಾನು ಅತ್ತಿತ್ತ ಜಾರುತ್ತಿದ್ದೆ. ಅವರಿಗೆ ರೇಗಿತು. ಕೊನೆಗೆ ಎಡಗೈಯಿಂದ ಬಲಗೈಯನ್ನು ಎತ್ತಿ, ಒಂದು ವಸ್ತುವನ್ನು ಇಡುವಂತೆ, ನನ್ನ ಮೈಮೇಲೆ ಅಡ್ಡ ಇಟ್ಟರು. ಅದರ ಭಾರಕ್ಕೆ ನಾನು ನಿಂತೆ.

ಬಲಗೈಗೆ ಒಂದು ಕೆಲಸ ಸಿಕ್ಕಿತು. ಬರೀ ಭಾರವಾಗಿ ಬಿದ್ದಿರುವ ಕೆಲಸ. ಆದರೂ ಅದು ಕೆಲಸವೇ. ಗಡ್ಡೆ ಕೆತ್ತಿ ಮುಗಿದ ಮೇಲೆ ಪಾಲಿಶ್ ಪೇಪರ್ ಹಿಡಿದು ಉಜ್ಜಿದರು. ಉಜ್ಜುತ್ತಾ ಉಜ್ಜುತ್ತಾ ಅವರ ಗಂಟಲಿನಿಂದ ಹುಟ್ಟು ಹಾಕುವವರ 'ಓ ಬೇಲೆ' ಎಂಬ ಹಾಡಿನ ದನಿ ಹೊರಟಿತು. ಅವರಿಗೇ ಅದು ಕೇಳಿಸಿರಲಿಕ್ಕಿಲ್ಲ.

ಗುಲಾಬಿಯಕ್ಕ ಬಂದಾಗ ಗಂಡ ನೆಲದ ಮೇಲೆ ಕೂತಿದ್ದರು. ತಲೆ, ಹುಬ್ಬು, ಮೀಸೆ ಎಲ್ಲ ಹಳದಿ ಧೂಳು. ಗುಲಾಬಿಯಕ್ಕ ಬುಟ್ಟಿ ಇಳಿಸಿದರು.

"ಮೀಸೆಗೆ ಅರಸಿನ ಹಚ್ಚಿದ್ದಾ? ಮದುವೆ ಉಂಟಾ?"

"ಹುಡುಗಿ ಒಪ್ಪಿದ್ರೆ," ಎಂದರು ಭುಜಂಗಣ್ಣ, ತಲೆ ಎತ್ತದೆ.

ಗುಲಾಬಿಯಕ್ಕ ನಗು ಮುಚ್ಚಿಕೊಳ್ಳಲು ಚಾ ಮಾಡುವ ನೆವದಲ್ಲಿ ಒಳಗೆ ಓಡಿದರು.

ಅಲ್ಲಿಂದ ಮೇಲೆ ಕೆಲಸ ಓಡಿತು. ಹಾರ್ಡನರ್ ಈಗ ಎಡಗೈ ಬೆರೆಸಿತು. ಬಟ್ಟೆ ಹಾಸಿದ್ದು, ರೆಸಿನ್ ಎಳೆದದ್ದು ಗುಲಾಬಿಯಕ್ಕ. ಗಾಳಿಯ ಗುಳ್ಳೆ ಎಲ್ಲಿ ಉಳಿದಿದೆ ಎಂದು ಹೇಳುವುದು ಭುಜಂಗಣ್ಣನ ಕಣ್ಣು. ರೋಲರನ್ನು ಬಲಗೈಯ ಬೆರಳುಗಳಿಗೆ ಚಿಂದಿಬಟ್ಟೆಯಿಂದ ಕಟ್ಟಿ, ಎಡಗೈಯಿಂದ ತಳ್ಳಿಕೊಂಡು ಅವರೂ ಉರುಳಿಸಿದರು. ಇಬ್ಬರಿಗೂ ಜಗಳವಾದದ್ದು ರೆಕ್ಕೆಯ ವಿಷಯಕ್ಕೆ. ಬಾಲದಡಿಯಲ್ಲಿ ಕಡಿದ ಬುಡ ಮಾತ್ರ ಉಳಿದಿತ್ತು. ಮೊದಲು ಅದು ಹೇಗಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಹೇಳುವ ಬಾಯಿ ಇಲ್ಲವಲ್ಲ.

"ದೋಣಿಯ ಚುಕ್ಕಾಣಿಯ ಹಾಗೆ ಚಪ್ಪಟೆ ಮಾಡುವ," ಎಂದರು ಭುಜಂಗಣ್ಣ.

"ಎಂತ ಚುಕ್ಕಾಣಿ! ನೀರಲ್ಲಿ ಓಡುವುದಕ್ಕೆ ದೇವರೇ ಮಾಡಿ ಇಟ್ಟದ್ದು ಉಂಟಲ್ಲ," ಎಂದು ಗುಲಾಬಿಯಕ್ಕ ಸೀಮೆಸುಣ್ಣದಿಂದ ನೆಲದ ಮೇಲೆ ತಾಟೆ ಮೀನಿನ, ಅಂದರೆ ಶಾರ್ಕಿನ, ಬೆನ್ನರೆಕ್ಕೆ ಬರೆದರು. ಜೀವಮಾನವಿಡೀ ಮೀನು ಕತ್ತರಿಸಿದ ಕೈ. ಒಂದೇ ಗೆರೆಯಲ್ಲಿ ಬಂತು. ಭುಜಂಗಣ್ಣ ಅದನ್ನೇ ನೋಡಿ "ಸರಿ" ಎಂದರು. ಹಳೆಯ ರೆಕ್ಕೆಗಿಂತ ಇದು ಸ್ವಲ್ಪ ಹಿಂದಕ್ಕೆ ಬಾಗಿದೆ. ನನಗೆ ಇದೇ ಇಷ್ಟ.

ಕೊನೆಯ ಪದರದ ರೆಸಿನ್ ಒಣಗಿದ ಮೇಲೆ ನಾನು ಮಾಡಿನಡಿಯಲ್ಲಿ ಹೊಳೆಯುತ್ತಾ ನಿಂತೆ. ಸುಟ್ಟ ಕಲೆಯೊಂದು ಬೆನ್ನಿನಲ್ಲಿ ಉಳಿದಿತ್ತು. ಅದರ ಮೇಲೆ ಬಣ್ಣ ಹಾಕುವುದು ಬೇಡ ಎಂದವರು ಭುಜಂಗಣ್ಣ. ನೆರೆಕರೆಯವರು ಬಂದು ನೋಡಿದರು. "ಗೋಡೆಗೆ ಹಾಕಿದ್ರೆ ಚೆಂದ ಕಾಣ್ತದೆ," ಎಂದು ಯಾರೋ ಹೇಳಿದರು.

"ಗೋಡೆಗೆ?" ಭುಜಂಗಣ್ಣನಿಗೆ ಸಿಟ್ಟೇ ಬಂತು. "ನೀರಿಗೆ ಇಳಿಸದೆ ಕೆಲಸ ಮುಗಿಯಿತು ಅಂತ ನಾನು ಯಾವತ್ತೂ ಹೇಳಿದವನಲ್ಲ."

ಹೊಳೆಗೆ ಇಳಿಸಿದ್ದು ಒಂದು ಆದಿತ್ಯವಾರ, ಉಬ್ಬರದ ನೀರು ನಿಂತ ಹೊತ್ತಿನಲ್ಲಿ. ಅಳಿವೆಯ ಒಳಗೆ ಶಾಂಭವಿ ಆಗ ಸಮತಟ್ಟಾಗಿರುತ್ತದೆ. ಗುಲಾಬಿಯಕ್ಕ ಸೀರೆ ಎತ್ತಿಕಟ್ಟಿ ಸೊಂಟದವರೆಗೆ ನೀರಿಗಿಳಿದು ನನ್ನನ್ನು ಹಿಡಿದುಕೊಂಡರು. ಭುಜಂಗಣ್ಣ ಹಳೆಯ ಲೈಫ್ ಜಾಕೆಟ್ ಕಟ್ಟಿಕೊಂಡು ಬಂದರು. ಲಕ್ವ ಹೊಡೆದ ಮೇಲೆ ಅವರ ಕಾಲಿಗೆ ಹೊಳೆಯ ನೀರು ತಾಗಿರಲಿಲ್ಲ. ಬದಿಯಲ್ಲಿ ನಿಂತರು.

"ಬಿಟ್ಟುಬಿಡ್ತೀಯಾ?" ಎಂದು ಕೇಳಿದರು.

"ಇಷ್ಟು ವರ್ಷ ಬಿಟ್ಟಿದ್ದೇನಾ?"

ಅವರು ನನ್ನ ಮೇಲೆ ಬೋರಲು ಮಲಗಿದರು. ಆ ಭಾರ ನನ್ನನ್ನು ನೀರಿಗೆ ಒತ್ತಿದಾಗ, ನನ್ನ ತೇಪೆಗಳೆಲ್ಲ ಗಟ್ಟಿಯಾಗಿ ನಿಂತಾಗ, ನಾನು ಯಾರೆಂಬುದು ನನಗೇ ಮರಳಿ ತಿಳಿಯಿತು. ಭುಜಂಗಣ್ಣ ಎಡಗೈಯಿಂದ ನೀರು ಹಿಂದಕ್ಕೆ ತಳ್ಳಿದರು. ನಾನು ಬಲಕ್ಕೆ ತಿರುಗಿದೆ. ಮತ್ತೆ ತಳ್ಳಿದರು, ಮತ್ತೆ ಬಲಕ್ಕೆ. ಒಂದೇ ಕೈ ಬೀಸಿದರೆ ಹಲಗೆ ಬೇರೇನು ಮಾಡೀತು? ಗಾಣದ ಎತ್ತಿನ ಹಾಗೆ ನಾವು ನಿಂತಲ್ಲೇ ಸುತ್ತಿದೆವು. ಗುಲಾಬಿಯಕ್ಕನ ಮುಖ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಒಂದು ಸುತ್ತಿನಲ್ಲಿ ಭುಜಂಗಣ್ಣನಿಗೆ ನಗು ಬಂತು. ಹೊಟ್ಟೆಯಿಂದ ಎದ್ದ ನಗು ನನ್ನ ಮರದ ಪಟ್ಟಿಯವರೆಗೆ ನಡುಗಿಸಿತು.

"ಗುಲಾಬೀ, ನಾನು ಎಲ್ಲಿಗೂ ಹೋಗುದಿಲ್ಲ ಮಾರಾಯ್ತಿ! ಇಲ್ಲೇ ತಿರುಗ್ತೇನೆ!"

"ಇನ್ನೊಂದು ಕೈಯನ್ನೂ ನೀರಿಗೆ ಬಿಡಿ. ಸುಮ್ಮನೆ ನೇತಾಡ್ಲಿ!"

ಬಲಗೈ ನೀರಿಗಿಳಿಯಿತು. ಮೊದಲ ದಿನ ಅದು ಪಾಚಿಯಂತೆ ತೇಲಿತು ಅಷ್ಟೇ. ಆದರೆ ನೇರ ಹೋಗಬೇಕೆಂದರೆ ಅದು ಏನಾದರೂ ಮಾಡಲೇಬೇಕು, ನೀರಿನಲ್ಲಿ ವಾದವಿಲ್ಲ. ಆದಿತ್ಯವಾರ ಬರುತ್ತಿತ್ತು, ನಾವು ಸುತ್ತುತ್ತಿದ್ದೆವು. ಸುತ್ತು ದೊಡ್ಡದಾಗುತ್ತಾ ಬಂತು. ಮಾತನಾಡದಿದ್ದ ಭುಜದಲ್ಲಿ ಒಂದು ಸಣ್ಣ ಎಳೆತ ಬಂದದ್ದು ಮೊದಲು ಗೊತ್ತಾದದ್ದು ನನಗೆ. ನಾನು ಅವರ ಎದೆಯಡಿಯಲ್ಲೇ ಇದ್ದೆನಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಭುಜಂಗಣ್ಣ ನೀರಿನಲ್ಲಿ ನಿಂತು ಹೆಂಡತಿಗೆ ಹೇಳಿದರು: "ಇವತ್ತು ನೀನು ಮಲಗು."

"ನಾನಾ? ನನಗೆ ಈಜಲಿಕ್ಕೆ ಬರುದಿಲ್ಲ. ಕಡಲು ನಿಮ್ಮದು, ಮಾರ್ಕೆಟ್ ನನ್ನದು."

"ಜಾಕೆಟ್ ಉಂಟು. ನಾನಿದ್ದೇನೆ."

ಗುಲಾಬಿಯಕ್ಕ ದೇವರ ಹೆಸರು ಹೇಳುತ್ತಾ ಮಲಗಿ, ನನ್ನ ಅಂಚುಗಳನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದರು. ಅಳಿವೆಯ ಕಡೆಯಿಂದ ಒಂದು ಸಣ್ಣ ಅಲೆ, ಮೊಳಕಾಲೆತ್ತರದ್ದು, ಹೊಳೆಯೊಳಗೆ ನುಗ್ಗಿ ಬರುತ್ತಿತ್ತು. ಭುಜಂಗಣ್ಣ ಅದನ್ನು ನೋಡಿದರು, ಕಾದರು, ನನ್ನ ಬಾಲಕ್ಕೆ ಕೈ ಕೊಟ್ಟು ತಳ್ಳಿದರು.

ಎರಡು ಅಂಗೈ. ಎಡಗೈಯ ಒತ್ತು ಹೆಚ್ಚು, ಬಲಗೈಯದು ಕಡಿಮೆ. ಆದರೆ ಎರಡೂ ಇದ್ದವು.

ಅಲೆ ನನ್ನನ್ನು ಎತ್ತಿಕೊಂಡಿತು. ಗುಲಾಬಿಯಕ್ಕ ಮಾರ್ಕೆಟಿಡೀ ಕೇಳುವಂತೆ ಕಿರುಚಿದರು. ಸ್ವಲ್ಪ ಬಲಕ್ಕೆ ವಾಲಿಕೊಂಡು, ಆದರೂ ಜಾರುತ್ತಾ, ನಾವು ಹೋಗಿ ಮರಳಿನಲ್ಲಿ ಮೂತಿ ಊರಿ ನಿಂತೆವು. ಗುಲಾಬಿಯಕ್ಕನ ಬಾಯೊಳಗೆ ಉಪ್ಪುನೀರು ಹೋಗಿತ್ತು, ಸೂಡಿ ಕಟ್ಟಿದ ಕೂದಲು ಬಿಚ್ಚಿತ್ತು. ಅವರು ಕೆಮ್ಮುತ್ತಾ ಎದ್ದು ಹಿಂದಿರುಗಿ ನೋಡಿದರು. ಭುಜಂಗಣ್ಣ ಸೊಂಟದೆತ್ತರ ನೀರಿನಲ್ಲಿ, ತಳ್ಳಿದ ಎರಡೂ ಕೈಗಳನ್ನು ಮುಂದೆ ಚಾಚಿಕೊಂಡೇ ನಿಂತಿದ್ದರು.

"ನಿಮ್ಮ ಕೈ!" ಎಂದರು ಗುಲಾಬಿಯಕ್ಕ.

ಚಾಚಿದ ಬಲಗೈಯನ್ನು ಭುಜಂಗಣ್ಣ ನೋಡಿದ್ದು ಆಗಲೇ.

ನನಗೀಗ ವಯಸ್ಸಾಗಿದೆ. ದೊಡ್ಡ ಅಲೆಗೆ ನನ್ನನ್ನು ಯಾರೂ ಒಯ್ಯುವುದಿಲ್ಲ, ಒಯ್ದರೆ ನಾನು ತಡೆಯಲಾರೆ ಕೂಡ. ವಾರದ ದಿನಗಳಲ್ಲಿ ಅಡುಗೆಮನೆಯ ಹಿಂದಿನ ನೆರಳಿನಲ್ಲಿ ಒರಗಿರುತ್ತೇನೆ; ಒಗ್ಗರಣೆಯ ಘಾಟು ಬರುತ್ತದೆ, ಒಳಗಿನ ಮಾತು ಕೇಳಿಸುತ್ತದೆ. ಒಡೆದದ್ದು ಮೊದಲಿನಂತೆಯೇ ಆಗುವುದಿಲ್ಲ. ಜೋಡಿಸಿದವರ ಕೈ ಅದರಲ್ಲಿ ಉಳಿದು, ಅದು ಅವರ ಮನೆಯದಾಗುತ್ತದೆ. ಇವತ್ತು ಆದಿತ್ಯವಾರ. ನೀರು ಏರುತ್ತಿದೆ. ಒಳಗೆ ಜಗಳ ಶುರುವಾಗಿದೆ.

"ಹೋದ ವಾರ ನೀವೇ ಎರಡು ಸಲ ಹೋದದ್ದು. ಇವತ್ತು ಮೊದಲು ನಾನು!"

"ಆಯ್ತು ಮಾರಾಯ್ತಿ, ಬಾ. ನಾನು ತಳ್ತೇನೆ."